ಎಲ್ಲಿ ತಗೊಂಡೆ?

ಬೆಳಿಗ್ಗೆ ಎಂಟೂವರೆಗೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಿಂತರೆ ಅವತ್ತು ಯಾವ ಹುಡುಗಿಯ ಹುಟ್ಟುಹಬ್ಬ ಎಂದು ಕೇಳಬೇಕಾಗಿಲ್ಲ. ಎಲ್ಲರೂ ಸಮವಸ್ತ್ರದಲ್ಲಿರುವಾಗ ಒಬ್ಬಳು ಮಾತ್ರ ‘ಕಲರ್ ಡ್ರೆಸ್’ನಲ್ಲಿರುತ್ತಾಳೆ. ಕೈಯಲ್ಲಿ ಚಾಕೊಲೇಟಿನ ಪೊಟ್ಟಣ. ಗೆಳತಿಯರು ಓಡಿಬಂದು ಕೈ ಹಿಡಿದು ‘ಹ್ಯಾಪಿ ಬರ್ತ್‌ಡೇ’ ಹೇಳಿ ಮುಗಿಸುವ ಮೊದಲೇ ಇನ್ನೊಂದು ಪ್ರಶ್ನೆ ಹೊರಬೀಳುತ್ತದೆ: ‘ಏ, ಎಲ್ಲಿ ತಗೊಂಡೆ?’

ಗಂಗಮ್ಮನ ಗುಡಿ ರಸ್ತೆಯಲ್ಲಿ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಚೆನ್ನಾಗಿದೆ ಕಣೇ’ ಎಂದು ಚಾಕೊಲೇಟಿಗೆ ಕೈಚಾಚುತ್ತಾರೆ. ಎರಡು ಮೂರು ಅಕ್ಷರದ ಒಂದು ಹೆಸರು ಬಂದರೆ ಮಾತ್ರ ಕಥೆ ಮುಂದುವರಿಯುತ್ತದೆ. ಒಬ್ಬಳು ಹಿಂದಿನಿಂದ ಬಂದು, ಜಡೆ ಸರಿಸಿ, ಕಾಲರ್ ಮಗುಚಿ ನೋಡುತ್ತಾಳೆ. ಲೇಬಲ್ ಇದೆ. ಹಾಗಾದರೆ ಸರಿ. ಆ ದಿನವೆಲ್ಲ ಅವಳ ಹುಟ್ಟುಹಬ್ಬಕ್ಕೆ ಒಂದು ತೂಕ.

ನಾನು ಶಿಡ್ಲಘಟ್ಟದಲ್ಲಿ ಬೆಳೆಯುವಾಗ ಪ್ರಶ್ನೆ ಬೇರೆ ಇತ್ತು. ‘ಎಷ್ಟಾಯ್ತು?’ ಎನ್ನುತ್ತಿದ್ದರು. ಅದನ್ನು ಬಾಯಿ ಕೇಳುವ ಮೊದಲೇ ಕೈ ಕೇಳಿರುತ್ತಿತ್ತು. ಹೊಸ ಸೀರೆ ಉಟ್ಟು ಬಂದವಳ ಸೆರಗಿನ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಪ್ಯೂರ್ ಸಿಲ್ಕೋ ಆರ್ಟ್ ಸಿಲ್ಕೋ ಗೊತ್ತಾಗಿಬಿಡುತ್ತಿತ್ತು. ಅನುಮಾನ ಬಂದರೆ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯುವುದು. ಕೂದಲು ಸುಟ್ಟ ವಾಸನೆ ಬಂದು, ಕೈಗೆ ಪುಡಿಪುಡಿ ಬೂದಿ ಸಿಕ್ಕಿದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಂಗಡಿಯವನ ಮಾತು, ಪೆಟ್ಟಿಗೆಯ ಮೇಲಿನ ಚಿತ್ರ ಯಾವುದೂ ಆ ಎಳೆಯ ಸಾಕ್ಷಿಯ ಮುಂದೆ ನಿಲ್ಲುತ್ತಿರಲಿಲ್ಲ.

‘ಎಷ್ಟಾಯ್ತು’ ಎಂಬ ಪ್ರಶ್ನೆ ‘ಎಲ್ಲಿ ತಗೊಂಡೆ’ ಎಂದಾದದ್ದು ಯಾವಾಗ? ಬೆರಳಿನಲ್ಲಿದ್ದ ಪರೀಕ್ಷೆ ಕಾಲರಿಗೆ ಹೋದದ್ದು ಹೇಗೆ? ಅದೂ ಈ ಜಿಲ್ಲೆಯಲ್ಲಿ. ಇಲ್ಲಿ ಶಿಡ್ಲಘಟ್ಟ ನೂಲು ತೆಗೆಯುತ್ತದೆ, ಗೌರಿಬಿದನೂರಿನ ಹೆಂಗಸರು ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾರೆ, ಚಿಂತಾಮಣಿ ವ್ಯಾಪಾರ ಮಾಡುತ್ತದೆ. ಬಟ್ಟೆಯ ಒಳಗುಟ್ಟು ಗೊತ್ತಿರುವ ಊರುಗಳಿವು. ಲೇಬಲ್ಲಿಗೆ ಮರುಳಾಗಬಾರದಿದ್ದ ಊರುಗಳು ಎನ್ನೋಣವೆಂದರೆ, ಕಥೆ ಅಷ್ಟು ಸರಳವಿಲ್ಲ.

ನೂಲು ನಮ್ಮದು, ಹೆಸರು ಅವರದು

ಒಂದು ಕೆ.ಜಿ. ರೇಷ್ಮೆ ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು. ಅರ್ಧ ಕೆ.ಜಿ. ತೂಗುವ ಒಂದು ಸೀರೆಯ ಹಿಂದೆ ಮೂರು ಕೆ.ಜಿ.ಗೂ ಮೇಲೆ ಗೂಡು ಬೆಂದಿರುತ್ತದೆ. ಆ ಗೂಡಿಗಾಗಿ ಯಾವುದೋ ಹಳ್ಳಿಯ ಮನೆಯವರು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ‘ಜ್ವರ’ ಬಂದಾಗ ಉಸಿರು ಬಿಗಿಹಿಡಿದು ಕಾದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಿರುತ್ತಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬಂದ ಲಾಟು ಹರಾಜಾಗಿ ರೀಲರ್ ಮನೆ ಸೇರುತ್ತದೆ. ಅಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತ ಹೆಂಗಸರು ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹುಡುಕಿ ಎತ್ತುತ್ತಾರೆ. ಬೆರಳ ತುದಿ ಸದಾ ಬಿಳಚಿಕೊಂಡು ಸುಕ್ಕಾಗಿರುತ್ತದೆ. ಆ ನೂಲು ಕಾಂಚೀಪುರಕ್ಕೋ ಧರ್ಮಾವರಕ್ಕೋ ಬಸ್ಸು ಹತ್ತುತ್ತದೆ. ವಾಪಸ್ ಬರುವಾಗ ಅದಕ್ಕೊಂದು ಹೆಸರು ಬಂದಿರುತ್ತದೆ: ‘ಕಂಚಿ ಸೀರೆ’.

‘ಶಿಡ್ಲಘಟ್ಟದ ಸೀರೆ’ ಎಂದು ಮದುವೆಮನೆಯಲ್ಲಿ ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಹೆಸರು ಹೋಗುವುದು ನೇಯುವವನ ಊರಿಗೆ, ಅದಕ್ಕಿಂತ ಹೆಚ್ಚಾಗಿ ಮಾರುವವನ ಬೋರ್ಡಿಗೆ. ಬ್ರ್ಯಾಂಡ್ ಎಂಬುದನ್ನು ಮಾಲುಗಳು ಮೊನ್ನೆ ತಂದು ನಮ್ಮ ಮಕ್ಕಳ ತಲೆಗೆ ತುಂಬಿದವು ಎಂದು ಗೊಣಗುವ ಹಿರಿಯರಿಗೆ ಇದನ್ನು ನೆನಪಿಸಬೇಕು ಅನಿಸುತ್ತದೆ. ಅವರ ಬೀರುವಿನಲ್ಲೇ ಬ್ರ್ಯಾಂಡುಗಳು ನುಸಿಗುಳಿಗೆ ವಾಸನೆಯ ನಡುವೆ ಮಡಿಚಿ ಕೂತಿವೆ.

ಬಿನ್ನಿ ಸಿಲ್ಕನ್ನೇ ತಗೊಳ್ಳಿ. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂತು. ‘ಬಿನ್ನಿ’ ಎಂಬ ಆ ಎರಡಕ್ಷರ ನಮ್ಮ ಚಿಕ್ಕಮ್ಮಂದಿರ ಕಾಲದಲ್ಲಿ ಇಡೀ ಒಂದು ವಾಕ್ಯಕ್ಕೆ ಸಮ. ‘ಅವರ ಮಗಳಿಗೆ ಬಿನ್ನಿ ಸಿಲ್ಕ್ ಕೊಟ್ಟಿದ್ದಾರಂತೆ’ ಎಂದರೆ ಅಳಿಯ ಸರ್ಕಾರಿ ನೌಕರ ಎಂದು ಅರ್ಥ ಮಾಡಿಕೊಳ್ಳಬಹುದಿತ್ತು. ಆಮೇಲೆ ವಿಮಲ್ ಬಂತು, ಗಾರ್ಡನ್ ಬಂತು. ಮಿನುಗುತಾರೆ ಕಲ್ಪನಾ ತೊಟ್ಟ ಉದ್ದ ತೋಳಿನ ರವಿಕೆ ಬೇಕೆಂದು ಟೈಲರ್ ಮುಂದೆ ಹಟ ಹಿಡಿದವರು ಈಗ ಅಜ್ಜಿಯರು. ಮೊಮ್ಮಗಳು ಇನ್‌ಸ್ಟಾಗ್ರಾಮ್ ತೋರಿಸಿ ‘ಇಂಥದ್ದೇ ಬೇಕು’ ಎಂದರೆ ಅವರಿಗೆ ಬರುವ ಸಿಟ್ಟು ನೋಡಿ ನನಗೆ ನಗು ಬರುತ್ತದೆ.

ಈ ಎಲ್ಲಕ್ಕೂ ಮೇಲೆ ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯದು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಕೆಎಸ್‌ಐಸಿಯ ಪಾಲಾಯಿತು. ಅದರ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಪ್ರತಿ ಸೀರೆಗೂ ಸಂಕೇತ ಸಂಖ್ಯೆ, ಹೊಲೊಗ್ರಾಮ್, ಜೊತೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಅದರ ಮಳಿಗೆಯ ಮುಂದೆ ಹೆಂಗಸರು ನಸುಕಿನಲ್ಲೇ ಸಾಲು ನಿಂತು ಟೋಕನ್ ಪಡೆದದ್ದು ಸುದ್ದಿಯಾಯಿತು. ಬೇಡಿಕೆಯಷ್ಟು ಮಾಲು ಇಲ್ಲ, ಇಲ್ಲವೆಂದೇ ಬೇಡಿಕೆ. ‘ಎಕ್ಸ್‌ಕ್ಲೂಸಿವ್’ ಎಂದು ಪ್ಯಾರಿಸ್ಸಿನವರು ಯಾವುದನ್ನು ಕರೆಯುತ್ತಾರೋ ಅದನ್ನು ನಮ್ಮ ಸರ್ಕಾರವೇ, ಬಹುಶಃ ತನಗರಿವಿಲ್ಲದೆ, ಮಾಡಿ ತೋರಿಸಿದೆ.

ಮಡಿಕೆಯ ಗೆರೆ

ಹಾಗಾದರೆ ಬದಲಾದದ್ದು ಏನು? ವಯಸ್ಸು. ಬಿನ್ನಿ, ಮೈಸೂರು ಸಿಲ್ಕು ಮದುವೆಯಾದವರ ಲೋಕ. ಹದಿನಾಲ್ಕು ಹದಿನೈದರ ಹುಡುಗಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವಳಿಗಿದ್ದದ್ದು ಲಂಗ, ದಾವಣಿ, ಟೈಲರ್.

ನನ್ನ ಲಂಗಕ್ಕೆ ಅಮ್ಮ ಯಾವಾಗಲೂ ನಾಲ್ಕು ಬೆರಳಿನಷ್ಟು ಮಡಿಕೆ ಇಡಿಸುತ್ತಿದ್ದರು. ‘ಬೆಳೆಯೋ ಮಗು ಅಣ್ಣಾ, ಟಕ್ಸ್ ಹಿಡೀರಿ’ ಎನ್ನುವುದು ಟೈಲರ್ ಜೊತೆಗಿನ ಖಾಯಂ ಮಾತು. ವರ್ಷಕ್ಕೊಂದು ಟಕ್ಸ್ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಗೆರೆಯ ಮೇಲೆ ಮಾಸಿದ ಬಣ್ಣ, ಗೆರೆಯ ಕೆಳಗೆ ಹೊಸದರಂಥ ಬಣ್ಣ. ಯುಗಾದಿಗೆ ಕೊಂಡ ಬಟ್ಟೆ ಎಷ್ಟನೆಯ ಯುಗಾದಿಯದು ಎಂದು ಆ ಗೆರೆಗಳನ್ನು ಎಣಿಸಿ ಹೇಳಬಹುದಿತ್ತು, ಮರದ ಕಾಂಡದ ಉಂಗುರ ಎಣಿಸಿದ ಹಾಗೆ. ನಮ್ಮ ಲೇಬಲ್ ಅದು. ಯಾರೂ ಕಾಲರ್ ಮಗುಚಬೇಕಾಗಿರಲಿಲ್ಲ.

ಶಿಡ್ಲಘಟ್ಟದ ರೀಲಿಂಗ್ ಮನೆಯ ಹುಡುಗಿಯರಿಗೆ ಇನ್ನೊಂದು ಲೇಬಲ್ ಇತ್ತು, ಈಗಲೂ ಇದೆ: ವಾಸನೆ. ಬೆಂದ ಗೂಡಿನ, ಒಳಗೆ ಸತ್ತ ಹುಳುವಿನ ವಾಸನೆ ಮನೆಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತದೆ. ಊರಿನವರಿಗೆ ಅದು ಗಾಳಿಯ ಹಾಗೆ, ಗೊತ್ತಾಗುವುದಿಲ್ಲ. ಅದೇ ಹುಡುಗಿ ಚಿಕ್ಕಬಳ್ಳಾಪುರದ ಕಾಲೇಜು ಸೇರಿದ ಮೊದಲ ವಾರವೇ ಯಾರೋ ಪಕ್ಕದ ಬೆಂಚಿಗೆ ಸರಿದು ಕೂತಾಗ ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ಮೊದಲು ಬರುವ ಬ್ರ್ಯಾಂಡು ಬಟ್ಟೆಯದ್ದಲ್ಲ, ಬಾಡಿ ಸ್ಪ್ರೇಯದು. ಬ್ರ್ಯಾಂಡಿನ ಆಸೆಯನ್ನು ಬರೀ ಮೆರೆಯುವ ಆಸೆ ಎಂದು ತಳ್ಳಿಹಾಕುವವರು ಆ ಬೆಂಚಿನಲ್ಲಿ ಒಂದು ದಿನ ಕೂರಬೇಕು. ಎಷ್ಟೋ ಸಲ ಅದು ಎದ್ದು ಕಾಣುವ ಆಸೆಯೇ ಅಲ್ಲ. ಎದ್ದು ಕಾಣದಿರುವ ಆಸೆ.

ಕಿಲೋಮೀಟರಿನ ಲೆಕ್ಕ

ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಈ ಭಾಗದ ಹುಡುಗಿಯರ ಬಾಯಲ್ಲಿ ಅತಿ ಹೆಚ್ಚು ಕೇಳಿದ ಹೆಸರು ಜುಡಿಯೊ. ಟಾಟಾ ಸಮೂಹದ ಟ್ರೆಂಟ್ ಕಂಪನಿ 2016ರಲ್ಲಿ ಶುರು ಮಾಡಿದ್ದು. 2025ರ ಮಾರ್ಚ್ ಹೊತ್ತಿಗೆ ಅದರ ಮಳಿಗೆಗಳು 750 ದಾಟಿದ್ದವು. ಬಹುಪಾಲು ಬಟ್ಟೆಗಳ ಬೆಲೆ ಸಾವಿರದೊಳಗೆ. ದೊಡ್ಡ ಜಾಹೀರಾತಿಲ್ಲ, ಸಿನಿಮಾ ತಾರೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆನ್‌ಲೈನ್‌ನಲ್ಲಿ ಮಾರುವುದಿಲ್ಲ. ಬೇಕಾದರೆ ಅಂಗಡಿಗೇ ಹೋಗಬೇಕು.

ಈ ಕೊನೆಯ ಸಂಗತಿಯಲ್ಲಿದೆ ಗುಟ್ಟು. ಮೀಶೊದಲ್ಲಿ ಆರ್ಡರ್ ಮಾಡಿದ ಕುರ್ತಿ ಹಳ್ಳಿಯ ಮನೆಬಾಗಿಲಿಗೇ ಬರುತ್ತದೆ. ಬಂದ ಮೇಲೆ ಹಣ ಕೊಟ್ಟರಾಯಿತು. ಆದ್ದರಿಂದಲೇ ಅದಕ್ಕೆ ಮರ್ಯಾದೆ ಕಮ್ಮಿ. ಅದೇ ಫೋಟೊ ಎಲ್ಲರ ಫೋನಿನಲ್ಲೂ ಇದೆ. ಓಣಿಯ ಅಕ್ಕನೊಬ್ಬಳು ಅದನ್ನೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ಐವತ್ತು ರೂಪಾಯಿ ಸೇರಿಸಿ ಮಾರುತ್ತಿದ್ದಾಳೆ. ಆದರೆ ಜುಡಿಯೊದ ಇನ್ನೂರು ರೂಪಾಯಿಯ ಟೀ ಶರ್ಟಿನೊಳಗೆ ಒಂದು ಪ್ರಯಾಣ ಹೊಲಿದಿರುತ್ತದೆ. ಭಾನುವಾರ ಬೆಳಿಗ್ಗೆ ಎದ್ದು, ಅಮ್ಮನನ್ನು ಒಪ್ಪಿಸಿ, ಬಸ್ಸು ಹತ್ತಿ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದವಳು ಅವಳು. ಏರ್ ಕಂಡೀಷನಿನ ತಂಪಿನಲ್ಲಿ, ಯಾರೂ ‘ಏನು ಬೇಕಮ್ಮಾ, ಬಜೆಟ್ ಎಷ್ಟು?’ ಎಂದು ಬೆನ್ನುಹತ್ತದೆ, ಟ್ರಯಲ್ ರೂಮಿನ ಉದ್ದ ಕನ್ನಡಿಯ ಮುಂದೆ ಹತ್ತು ಅಂಗಿ ತೊಟ್ಟು ನೋಡಿ ಒಂದನ್ನು ಮಾತ್ರ ತಂದಿರುತ್ತಾಳೆ. ಉಳಿದ ಒಂಬತ್ತರ ಫೋಟೊ ಫೋನಿನಲ್ಲಿರುತ್ತದೆ.

ಈ ಪ್ರಯಾಣಕ್ಕೊಂದು ಸರ್ಕಾರಿ ಕಾರಣವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ದರದ ಚೀಟಿ ಹರಿದುಕೊಡುತ್ತಾರೆ. ತಾಯಿ ಮಗಳು ಇಬ್ಬರೂ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿಬರುವ ಖರ್ಚು ಉಳಿಯಿತೆಂದರೆ ಅದು ಸರಿಸುಮಾರು ಒಂದು ಜೀನ್ಸ್ ಪ್ಯಾಂಟಿನ ಬೆಲೆ. ಯೋಜನೆ ರೂಪಿಸಿದವರ ಮನಸ್ಸಿನಲ್ಲಿ ಕೆಲಸಕ್ಕೆ ಹೋಗುವ, ಆಸ್ಪತ್ರೆಗೆ ಹೋಗುವ ಹೆಂಗಸರಿದ್ದಿರಬೇಕು. ಅವರೂ ಹೋದರು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಹದಿನಾರರ ಹುಡುಗಿಯರೂ ಕೂತರು.

ವಿಚಿತ್ರವೆಂದರೆ ಬೆಂಗಳೂರಿನ ಹುಡುಗಿಯರಿಗೆ ಜುಡಿಯೊ ಅಂಥ ಹೆಮ್ಮೆಯ ಹೆಸರೇನಲ್ಲ. ಅವರು ಜಾರಾ ಎನ್ನುತ್ತಾರೆ. ಯಲಹಂಕ ದಾಟಿ, ದೇವನಹಳ್ಳಿ ದಾಟಿ, ನಂದಿಬೆಟ್ಟ ಎಡಕ್ಕೆ ಸರಿದ ಹಾಗೆಲ್ಲ ಅದೇ ಅಂಗಿಯ ಬೆಲೆ ಏರುತ್ತ ಹೋಗುತ್ತದೆ. ಬಾಗೇಪಲ್ಲಿಯ ಕಡೆಯ ಹಳ್ಳಿ ಮುಟ್ಟುವಷ್ಟರಲ್ಲಿ ಅದು ಜಾರಾ ಆಗಿಬಿಟ್ಟಿರುತ್ತದೆ. ಬ್ರ್ಯಾಂಡಿನ ಮಾನ ಕಿಲೋಮೀಟರ್ ಲೆಕ್ಕದಲ್ಲಿ ಹೆಚ್ಚುತ್ತದೆ. 2010ರಲ್ಲಿ ಸ್ಪೇನಿನ ಜಾರಾವನ್ನು ಭಾರತಕ್ಕೆ ತರುವಾಗ ಪಾಲುದಾರನಾಗಿದ್ದದ್ದೂ ಇದೇ ಟ್ರೆಂಟ್ ಕಂಪನಿ ಎಂಬುದನ್ನು ನಾನು ಯಾವ ಹುಡುಗಿಗೂ ಹೇಳಲು ಹೋಗಿಲ್ಲ. ಹೇಳಿದರೂ ಕೆಡುವುದೇನಿಲ್ಲ, ಬಿಡಿ.

ಹೋಗಿಬಂದದ್ದಕ್ಕೆ ಸಾಕ್ಷಿ ಕವರ್. ಬಟ್ಟೆ ಒಗೆದಷ್ಟೂ ಮಾಸುತ್ತದೆ, ಕವರ್ ಮಾಸುವುದಿಲ್ಲ. ಹೆಸರು ದೊಡ್ಡದಾಗಿ ಅಚ್ಚಾದ ಆ ಚೀಲವನ್ನು ಮಡಿಚಿಟ್ಟುಕೊಂಡು ಟಿಫನ್ ಡಬ್ಬಿ ಒಯ್ಯಲು, ಟ್ಯೂಷನ್ನಿಗೆ ನೋಟ್ಸ್ ಒಯ್ಯಲು, ಗೆಳತಿಗೆ ಪುಸ್ತಕ ವಾಪಸ್ ಕೊಡಲು ಬಳಸುತ್ತಾರೆ. ಹಿಡಿಕೆ ಕಿತ್ತರೆ ಸೂಜಿದಾರದಲ್ಲಿ ಹಾಕಿಸಿಕೊಂಡದ್ದೂ ನೋಡಿದ್ದೇನೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಅಂಗಡಿಗಳು ಕಾಗದದ, ಬಟ್ಟೆಯ ಚೀಲ ಕೊಡತೊಡಗಿದವು. ಚೀಲದ ಆಯುಸ್ಸು ಹೆಚ್ಚಿತು, ಹೆಸರಿನ ಆಯುಸ್ಸೂ.

ಯಾರು ಒಳಗೆ, ಯಾರು ಹೊರಗೆ

ಬಟ್ಟೆಗೆ ಹೆಸರು ಹಚ್ಚುವ ಪದ್ಧತಿ ಹಳೆಯದೇ. ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ದರ್ಜಿ 19ನೇ ಶತಮಾನದ ನಡುವಿನಲ್ಲೇ ತಾನು ಹೊಲಿದ ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿ ಹೊಲಿಸುತ್ತಿದ್ದ. ಆದರೆ ಅದು ಒಳಗಿತ್ತು, ತೊಟ್ಟವಳಿಗಷ್ಟೇ ಗೊತ್ತಿತ್ತು. ಟೆನಿಸ್ ಆಟಗಾರ ರೆನೆ ಲಕಾಸ್ಟ್ 1933ರಲ್ಲಿ ಶುರುಮಾಡಿದ ಕಂಪನಿ ಎದೆಯ ಮೇಲೆ ಮೊಸಳೆಯನ್ನು ತಂದು ಕೂರಿಸಿತು. ಹೆಸರು ಒಳಗಿನಿಂದ ಹೊರಗೆ ಬಂದದ್ದು ಹೀಗೆ. ಹಣವಿದ್ದರೆ ಸಾಲದು, ಇರುವುದು ಕಾಣಬೇಕು ಎಂಬ ಮನುಷ್ಯ ಸ್ವಭಾವವನ್ನು ಅಮೆರಿಕದ ಥಾರ್‌ಸ್ಟೈನ್ ವೆಬ್ಲೆನ್ 1899ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿದ್ದ. ಜರ್ಮನಿಯ ಗಿಯೋರ್ಗ್ ಸಿಮ್ಮೆಲ್ 1904ರ ಒಂದು ಲೇಖನದಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಸೇರಿಸಿದ. ಮೇಲಿನವರ ಉಡುಪನ್ನು ಕೆಳಗಿನವರು ತೊಡತೊಡಗಿದ ಕೂಡಲೇ ಮೇಲಿನವರು ಅದನ್ನು ಬಿಟ್ಟು ಹೊಸದಕ್ಕೆ ಹಾರುತ್ತಾರೆ. ಫ್ಯಾಷನ್ ಹುಟ್ಟಿದ ಗಳಿಗೆಯಲ್ಲೇ ಅದರ ಸಾವೂ ಇದೆ.

ಸಿಮ್ಮೆಲನನ್ನು ಓದದ ಎರಡನೇ ಪಿಯು ಹುಡುಗಿಗೆ ಇದು ಚೆನ್ನಾಗಿ ಗೊತ್ತು. ‘ಅಯ್ಯೋ, ಈಗ ಎಲ್ಲರ ಹತ್ರಾನೂ ಇದೆ’ ಎನ್ನುವುದಕ್ಕಿಂತ ಕೆಟ್ಟ ಮಾತು ಒಂದು ಅಂಗಿಯ ಬಗ್ಗೆ ಇರಲಾರದು.

ಪ್ರತಿ ಗುಂಪಿನಲ್ಲೂ ಇದರ ಪಂಚಾಯ್ತಿ ಮಾಡುವ ಒಬ್ಬಳಿರುತ್ತಾಳೆ. ಅವಳು ಎಲ್ಲರಿಗಿಂತ ಶ್ರೀಮಂತಳಾಗಿರಬೇಕೆಂದಿಲ್ಲ. ಬೆಂಗಳೂರಿನಲ್ಲಿ ಸೋದರತ್ತೆಯ ಮಗಳಿದ್ದರೆ ಸಾಕು. ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದನ್ನು ತೀರ್ಮಾನಿಸುವವಳು ಅವಳು. ‘ನೈಕ್’ ಎಂದವಳನ್ನು ‘ನೈಕಿ’ ಎಂದು ತಿದ್ದುವವಳು. ತಿದ್ದಿಸಿಕೊಂಡವಳ ಮುಖ ಕೆಂಪಾಗುತ್ತದೆ. ಬಟ್ಟೆ ಕೊಳ್ಳಲು ದುಡ್ಡು ಸಾಕು, ಹೆಸರು ಹೇಳಲು ಬೇರೆಯದೇ ಬಂಡವಾಳ ಬೇಕು. ತೆಲುಗು ಮನೆಮಾತಿನ, ಕನ್ನಡ ಶಾಲೆಯಲ್ಲಿ ಕಲಿತ, ಇಂಗ್ಲಿಷನ್ನು ಫೋನಿನಲ್ಲಿ ಕೇಳಿದ ಹುಡುಗಿ ಒಂದು ಸ್ಪೇನಿನ ಹೆಸರನ್ನು ತಪ್ಪಿಲ್ಲದೆ ಹೇಳಲು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾಳೆ.

ಇನ್ನು ‘ಫಸ್ಟ್ ಕಾಪಿ’. ಲೇಬಲ್ ಇರುವುದೆಲ್ಲ ಅಸಲಿಯಲ್ಲ ಎಂದು ಎಲ್ಲರಿಗೂ ಗೊತ್ತು. ಒಂದು ಅಕ್ಷರ ಹೆಚ್ಚೋ ಕಮ್ಮಿಯೋ ಇರುವ ಹೆಸರುಗಳು ಸಂತೆಯಲ್ಲಿ ರಾಶಿ ಬಿದ್ದಿರುತ್ತವೆ. ಇದಕ್ಕೆ ತದ್ವಿರುದ್ಧವಾದ ಮಾಲೂ ಅಲ್ಲೇ ಸಿಗುತ್ತದೆ: ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’. ಬೆಂಗಳೂರು, ದೊಡ್ಡಬಳ್ಳಾಪುರದ ಸುತ್ತಿನ ಕಾರ್ಖಾನೆಗಳಲ್ಲಿ ಹೊರದೇಶದ ಕಂಪನಿಗಳಿಗೆ ಹೊಲಿದು ಮಿಕ್ಕ, ಸಣ್ಣ ಕೊರತೆಯಿಂದ ತಿರಸ್ಕೃತವಾದ ಬಟ್ಟೆ. ಬಟ್ಟೆ ಅಸಲಿ, ಹೊಲಿಗೆ ಅಸಲಿ. ಲೇಬಲನ್ನು ಮಾತ್ರ ಅರ್ಧಕ್ಕೆ ಕತ್ತರಿಸಿರುತ್ತಾರೆ. ಅಸಲಿ ಹೆಸರಿನ ನಕಲಿ ಬಟ್ಟೆ ಇನ್ನೂರೈವತ್ತು, ಹೆಸರು ಕತ್ತರಿಸಿದ ಅಸಲಿ ಬಟ್ಟೆ ನೂರೈವತ್ತು. ನನ್ನ ಅಜ್ಜಿಗೆ ಕೇಳಿದ್ದರೆ ಉಜ್ಜಿ ನೋಡಿ ಎರಡನೆಯದನ್ನೇ ಎತ್ತಿಕೊಳ್ಳುತ್ತಿದ್ದಳು. ಹುಡುಗಿಯರು ಮೊದಲನೆಯದಕ್ಕೆ ಹೋಗುತ್ತಾರೆ. ಅವರು ಮೂರ್ಖರೆಂದಲ್ಲ, ಅವರ ಲೋಕದಲ್ಲಿ ಯಾರೂ ಬಟ್ಟೆ ಉಜ್ಜಿ ನೋಡುವುದಿಲ್ಲ, ಫೋಟೊ ನೋಡುತ್ತಾರೆ. ಫೋಟೊದಲ್ಲಿ ಎಳೆ ಕಾಣುವುದಿಲ್ಲ, ಅಕ್ಷರ ಕಾಣುತ್ತದೆ.

ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಬುರ್ಖಾ ತೊಡುವ ಹುಡುಗಿಯರಲ್ಲೂ ಇದೇ ಲೆಕ್ಕಾಚಾರ ಉಂಟು. ಹೊರಗಿನ ಕಣ್ಣಿಗೆ ಎಲ್ಲವೂ ಕಪ್ಪು. ಅವರವರಲ್ಲಿ ಮಾತ್ರ ನಿದಾ ಬಟ್ಟೆಯೋ ಅಲ್ಲವೋ, ತೋಳಿನ ಕಲ್ಲುಗಳು ಅಂಟಿಸಿದ್ದೋ ಪೋಣಿಸಿದ್ದೋ, ದುಬೈನಲ್ಲಿರುವ ಚಿಕ್ಕಪ್ಪ ತಂದದ್ದೋ ಶಿವಾಜಿನಗರದ್ದೋ ಎಂಬ ವಿಚಾರಣೆ ನಡೆಯುತ್ತಲೇ ಇರುತ್ತದೆ.

ಸಮವಸ್ತ್ರ ಈ ಸ್ಪರ್ಧೆಗೆ ಮದ್ದು ಎಂಬ ನಂಬಿಕೆ ಮೇಷ್ಟ್ರುಗಳಲ್ಲಿದೆ. ಬಡ ಮಕ್ಕಳ ಪಾಲಿಗೆ ಅದು ನೆರಳಾಗಿರುವುದು ನಿಜ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬಟ್ಟೆ ಉಚಿತ. ಆದರೆ ಸ್ಪರ್ಧೆ ಸಾಯುವುದಿಲ್ಲ, ಅಂಚಿಗೆ ಸರಿಯುತ್ತದೆ. ಶೂ, ಬ್ಯಾಗು, ವಾಚು, ನೀರಿನ ಬಾಟಲಿ, ತಲೆಯ ಕ್ಲಚರ್. ನಂದಿಬೆಟ್ಟದ ಮಗ್ಗುಲಿನ ಊರುಗಳಲ್ಲಿ ಡಿಸೆಂಬರ್ ಬಂತೆಂದರೆ ಹೂಡಿ. ಚಳಿಗೆಂದು ಹಾಕಿದ್ದನ್ನು ಬಿಸಿಲೇರಿದ ಮೇಲೂ ತೆಗೆಯದೆ ಬೆವರುತ್ತ ಕೂತವಳಿಗೆ ಯಾವ ಟೀಚರ್ ಏನು ಹೇಳಲಾದೀತು?

ದೇಹದ ವಿಷಯ ಇನ್ನೂ ಕಷ್ಟದ್ದು. ಟೈಲರ್ ಹುಡುಗಿಯ ಅಳತೆ ತೆಗೆಯುತ್ತಿದ್ದ. ಬ್ರ್ಯಾಂಡು ತನ್ನ ಅಳತೆಗೆ ಹುಡುಗಿಯನ್ನು ಕರೆಯುತ್ತದೆ. ಹೊರದೇಶಗಳಲ್ಲಿ ಇದನ್ನೇ ವ್ಯಾಪಾರದ ಸೂತ್ರವಾಗಿಸಿದವರಿದ್ದಾರೆ. ಇಟಲಿ ಮೂಲದ ಬ್ರ್ಯಾಂಡಿ ಮೆಲ್ವಿಲ್ ತನ್ನ ಬಹುಪಾಲು ಉಡುಪುಗಳನ್ನು ಒಂದೇ ಸೈಜಿನಲ್ಲಿ, ಅದೂ ತೀರಾ ತೆಳ್ಳಗಿನವರ ಸೈಜಿನಲ್ಲಿ, ಮಾರಿ ಹದಿಹರೆಯದ ಹುಡುಗಿಯರ ನಡುವೆ ಹೆಸರಾಯಿತು. 2024ರಲ್ಲಿ ಅದರ ಮೇಲೆ ಸಾಕ್ಷ್ಯಚಿತ್ರವೇ ಬಂತು. ಅಮೆರಿಕದ ಅಬರ್‌ಕ್ರೋಂಬಿ ಅಂಡ್ ಫಿಚ್ ಕಂಪನಿಯ ಆಗಿನ ಮುಖ್ಯಸ್ಥ ಮೈಕ್ ಜೆಫ್ರೀಸ್, ತಮ್ಮ ಬಟ್ಟೆ ಎಲ್ಲರಿಗಲ್ಲ, ಶಾಲೆಯಲ್ಲಿ ಎಲ್ಲರೂ ಮೆಚ್ಚುವ ಚೆಂದದ ಮಕ್ಕಳಿಗೆ ಎಂಬರ್ಥದ ಮಾತನ್ನು 2006ರಲ್ಲಿ ಬಾಯಿಬಿಟ್ಟೇ ಹೇಳಿದ್ದ. ನಮ್ಮಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಟ್ರಯಲ್ ರೂಮಿನಲ್ಲಿ ಜಿಪ್ ಅರ್ಧಕ್ಕೆ ನಿಂತ ಹುಡುಗಿ ಅದನ್ನು ತಾನೇ ಅರ್ಥಮಾಡಿಕೊಂಡು, ಹೊರಬಂದು, ‘ಕಲರ್ ಇಷ್ಟ ಆಗ್ಲಿಲ್ಲ’ ಎನ್ನುತ್ತಾಳೆ.

ಸೂಟು, ಖಾದಿ, ಬಳೆ

ಬಟ್ಟೆಯಿಂದ ಮಾತನಾಡುವುದು ಈ ಜಿಲ್ಲೆಗೆ ಹೊಸದಲ್ಲ ಎಂಬುದಕ್ಕೆ ಇಬ್ಬರು ದೊಡ್ಡವರ ಹೆಸರು ನೆನಪಾಗುತ್ತದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ನೂರರ ವಯಸ್ಸಿನಲ್ಲೂ ಸುಕ್ಕಿಲ್ಲದ ಸೂಟು, ಟೈ, ಮೈಸೂರು ಪೇಟದಲ್ಲಿ ಕಾಣಿಸಿಕೊಂಡವರು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯ ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಬಿಳಿ ಖಾದಿ ಬಿಟ್ಟವರಲ್ಲ. ಗಾಂಧೀಜಿ 1927ರ ಬೇಸಿಗೆಯಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಜುಲೈನಲ್ಲಿ ಬೆಂಗಳೂರಿನ ಖಾದಿ ಪ್ರದರ್ಶನದಲ್ಲಿ ಪಾಲ್ಗೊಂಡ ಕಾಲದಿಂದ ಈ ಕಡೆಗೆ ಆ ಬಟ್ಟೆಯ ಪರಿಚಯವಿತ್ತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜನ ಗುಂಡಿಗೆ ಎದೆಯೊಡ್ಡಿದ್ದು ಬಾವುಟವೆಂಬ ಒಂದು ತುಂಡು ಬಟ್ಟೆ ಹಾರಿಸುವ ಹಕ್ಕಿಗಾಗಿ. ಸೂಟಾಗಲಿ ಖಾದಿಯಾಗಲಿ, ನೋಡಿದವರಿಗೆ ‘ಇವರು ಯಾರ ಕಡೆಯವರು’ ಎಂದು ಹೇಳುತ್ತಿತ್ತು. ಹುಡುಗಿಯರ ಲೇಬಲ್ಲೂ ಹೇಳುವುದು ಅದನ್ನೇ. ಯಾವ ಕಡೆ ಎಂಬುದು ಮಾತ್ರ ತೀರಾ ಬೇರೆ.

ಇನ್ನೊಂದು ನೆನಪು ಚಿಂತಾಮಣಿ ತಾಲ್ಲೂಕಿನ ಕೈವಾರದ್ದು. ತಾತಯ್ಯನೆಂದು ಪೂಜೆಗೊಳ್ಳುವ ಯೋಗಿ ನಾರೇಯಣರು ಮೊದಲು ಹಳ್ಳಿ ಹಳ್ಳಿ ತಿರುಗಿ ಬಳೆ ಮಾರುತ್ತಿದ್ದವರು. ಮಲಾರ ಬಿಚ್ಚಿ ಕೂತಾಗ ಯಾವ ಹುಡುಗಿ ಯಾವ ಬಣ್ಣಕ್ಕೆ ಕಣ್ಣು ಹಾಕುತ್ತಾಳೆ, ಯಾರ ಅಮ್ಮ ಬೇಡವೆನ್ನುತ್ತಾಳೆ ಎಂಬುದನ್ನೆಲ್ಲ ಆ ವೇದಾಂತಿ ಎಷ್ಟು ಜಗಲಿಗಳಲ್ಲಿ ನೋಡಿರಬೇಡ!

ಎಥ್ನಿಕ್ ಡೇ

ವರ್ಷದಲ್ಲಿ ಒಂದು ದಿನ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಕಾಲೇಜಿನ ಎಥ್ನಿಕ್ ಡೇ. ಅವತ್ತು ಜೀನ್ಸಿಗೆ ಬೆಲೆಯಿಲ್ಲ. ಬೀರು ತೆರೆಯುತ್ತದೆ, ಅಮ್ಮನ ಸೀರೆ ಹೊರಬರುತ್ತದೆ. ‘ಎಲ್ಲಿ ತಗೊಂಡೆ?’ ಎಂಬ ಪ್ರಶ್ನೆಗೆ ‘ಅಮ್ಮನದು’ ಎಂಬುದೇ ಎಲ್ಲಕ್ಕಿಂತ ದೊಡ್ಡ ಉತ್ತರ. ‘ಅಜ್ಜಿದು’ ಎಂದರೆ ಇನ್ನೂ ದೊಡ್ಡದು. ಮೈಸೂರು ಸಿಲ್ಕ್ ಉಟ್ಟು ಬಂದವಳ ಸುತ್ತ ಅವತ್ತು ಗುಂಪು ಸೇರುತ್ತದೆ. ಅಚ್ಚರಿಯೆಂದರೆ ಆ ದಿನ ಹುಡುಗಿಯರು ಮತ್ತೆ ಬಟ್ಟೆ ಮುಟ್ಟಿ ನೋಡುತ್ತಾರೆ. ಸೆರಗನ್ನು ಕೆನ್ನೆಗೆ ತಾಗಿಸಿ ‘ಎಷ್ಟು ಸಾಫ್ಟ್’ ಎನ್ನುತ್ತಾರೆ. ಬೆರಳಿನ ಜ್ಞಾನ ಎಲ್ಲೂ ಹೋಗಿಲ್ಲ, ಉಪಯೋಗವಿಲ್ಲದೆ ಸುಮ್ಮನೆ ಕೂತಿತ್ತು.

ಆದರೆ ಬೀರುವಿನಲ್ಲಿ ಅಂಥ ಸೀರೆ ಇಲ್ಲದ ಮನೆಗಳೂ ಇವೆ. ಮೀಶೊದ ಅಂಗಿಯನ್ನು ಒಂದಿಷ್ಟು ಹಣ ಉಳಿಸಿ ಕೊಳ್ಳಬಹುದು. ಅಜ್ಜಿಯ ಮೈಸೂರು ಸಿಲ್ಕನ್ನು ಕೊಳ್ಳಲಾಗುವುದಿಲ್ಲ. ಜುಡಿಯೊದ ಬಾಗಿಲು ಇನ್ನೂರು ರೂಪಾಯಿ ಇದ್ದ ಯಾರಿಗಾದರೂ ತೆರೆಯುತ್ತದೆ. ಅಜ್ಜಿಯ ಬೀರು ತೆರೆಯುವುದು ಆ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ. ಯಾವುದು ಹೆಚ್ಚು ‘ಎಕ್ಸ್‌ಕ್ಲೂಸಿವ್’ ಎಂದು ಯೋಚಿಸಿದಾಗಲೆಲ್ಲ, ಬ್ರ್ಯಾಂಡಿನ ಹುಚ್ಚಿನ ಮೇಲೆ ಉಪದೇಶ ಬರೆಯಹೊರಟ ನನ್ನ ಪೆನ್ನು ನಿಂತುಬಿಡುತ್ತದೆ. ಎಥ್ನಿಕ್ ಡೇ ದಿನ ‘ಹುಷಾರಿಲ್ಲ’ ಎಂದು ರಜೆ ಹಾಕುವ ಹುಡುಗಿಯರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಹಾಜರಿ ಪುಸ್ತಕ ತೆಗೆದರೆ ಸಿಗುತ್ತಾರೆ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಗಾರ್ಮೆಂಟ್ಸ್ ಬಿಟ್ಟ ಹೊತ್ತು. ಕತ್ತಿನಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ಅವಳ ಮಗಳು ಕೂತಿದ್ದಳು. ಕಾಲೇಜಿನಿಂದ ನೇರ ಬಂದಿದ್ದಳೆಂದು ಕಾಣುತ್ತದೆ, ಮಡಿಲಲ್ಲಿ ಒಂದು ಹೊಸ ಕವರ್. ಒಳಗಿನಿಂದ ತಿಳಿನೀಲಿ ಶರ್ಟ್ ತೆಗೆದು, ಕಾಲರ್ ಮಗುಚಿ, ಹೆಸರನ್ನು ಅಮ್ಮನಿಗೆ ಕಾಣುವ ಹಾಗೆ ಹಿಡಿದಳು. ಅಮ್ಮ ಹೆಸರಿನ ಕಡೆ ನೋಡಲೇ ಇಲ್ಲ. ಶರ್ಟನ್ನು ತಗೊಂಡು, ಒಳಬದಿ ಹೊರಗೆ ಮಾಡಿ, ಪಕ್ಕದ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದಳು. ಕಂಕುಳಿನ ಹತ್ತಿರ ಬೆರಳು ನಿಂತಿತು.

‘ಇಲ್ನೋಡು, ಇಲ್ಲಿ ಹೊಲಿಗೆ ಬಿಟ್ಟವ್ರೆ’ ಎಂದಳು. ‘ನಮ್ಮಲ್ಲಾಗಿದ್ರೆ ಇದು ಪಾಸಾಗ್ತಿರ್ಲಿಲ್ಲ.’

ಮಗಳು ಶರ್ಟ್ ಕಸಿದುಕೊಂಡು ಕವರಿಗೆ ತುರುಕಿದಳು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ಹಾಕ್ಕೊಂಡ್ರೆ ಕಾಣ್ಸುತ್ತಾ?’

‘ಕೈ ಎತ್ತಿದ್ರೆ ಕಾಣ್ಸುತ್ತೆ. ಮನೇಗೆ ಹೋದ್ಮೇಲೆ ಹಾಕ್ಕೊಡ್ತೀನಿ, ಬಿಡು’ ಎಂದು ಅಮ್ಮ ಕವರನ್ನು ತನ್ನ ಟಿಫನ್ ಬ್ಯಾಗಿನ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.